ಸಿಲಬಸ್

ಸಿಲಬಸ್ ಅಥವಾ ಪಠ್ಯವಸ್ತು ವಿವರ ಎಂಬುದು ಒಂದು ಕೋರ್ಸಿನಲ್ಲಿ ಏನನ್ನು, ಯಾವ ಕ್ರಮದಲ್ಲಿ, ಎಷ್ಟು ಅವಧಿಯಲ್ಲಿ ಕಲಿಸಲಾಗುತ್ತದೆ ಮತ್ತು ಕಲಿತದ್ದನ್ನು ಹೇಗೆ ಅಳೆಯಲಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮುಂಚಿತವಾಗಿ ತಿಳಿಸುವ ಲಿಖಿತ ದಾಖಲೆಯಾಗಿದೆ. ಕೋರ್ಸಿನ ಉದ್ದೇಶ, ಅದಕ್ಕೆ ಬೇಕಾದ ಪೂರ್ವಜ್ಞಾನ, ಘಟಕಗಳ ಹಂಚಿಕೆ, ಓದಬೇಕಾದ ಗ್ರಂಥಗಳು, ಆಂತರಿಕ ಹಾಗೂ ಅಂತಿಮ ಪರೀಕ್ಷೆಗಳ ಅಂಕವಿಭಜನೆ ಮುಂತಾದವು ಅದರ ಸಾಮಾನ್ಯ ಅಂಗಗಳು. ಭಾರತದ ಉನ್ನತ ಶಿಕ್ಷಣದಲ್ಲಿ ಈ ಹೆಸರು ಎರಡು ಬೇರೆ ಬೇರೆ ದಾಖಲೆಗಳಿಗೆ ಸಲ್ಲುತ್ತದೆ. ಮೊದಲನೆಯದು ವಿಶ್ವವಿದ್ಯಾಲಯವು ಅಧಿಕೃತವಾಗಿ ಪ್ರಕಟಿಸುವ, ಎಲ್ಲ ಕಾಲೇಜುಗಳಿಗೂ ಸಮಾನವಾಗಿ ಅನ್ವಯಿಸುವ ವಿಷಯಪಟ್ಟಿ. ಎರಡನೆಯದು ಆ ಪಟ್ಟಿಯನ್ನು ಆಧರಿಸಿ ತರಗತಿಯ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸುವ ಬೋಧನಾ ಯೋಜನೆ. ಮೊದಲನೆಯದಿಲ್ಲದೆ ಪರೀಕ್ಷೆ ನಡೆಯದು. ಎರಡನೆಯದಿಲ್ಲದೆಯೂ ಪರೀಕ್ಷೆಗಳು ನಡೆಯುತ್ತವೆಯಾದ್ದರಿಂದ ಅದರ ಕೊರತೆ ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ.

ಪದದ ಮೂಲ

ಸಿಲಬಸ್ ಎಂಬ ಪದವು ಒಂದು ಮುದ್ರಣದೋಷದಿಂದ ಹುಟ್ಟಿದೆ. ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ ತನ್ನ ಮಿತ್ರ ಆಟಿಕಸ್‌ಗೆ ಬರೆದ ಪತ್ರಗಳಲ್ಲಿ, ಪುಸ್ತಕದ ಸುರುಳಿಗಳಿಗೆ ಅಂಟಿಸುವ ಚರ್ಮದ ಹೆಸರುಚೀಟಿಗಳನ್ನು ‘ಸಿಟ್ಟುಬಾಸ್’ ಎಂಬ ಗ್ರೀಕ್ ಪದದಿಂದ ಕರೆದಿದ್ದನು. 15ನೆಯ ಶತಮಾನದಲ್ಲಿ ಈ ಪತ್ರಗಳು ಅಚ್ಚಾದಾಗ ಆ ಪದವು ‘ಸಿಲ್ಲಬೋಸ್’ ಎಂದು ತಪ್ಪಾಗಿ ಮುದ್ರಿತವಾಯಿತು. ಅನಂತರದ ವಿದ್ವಾಂಸರು ಅದಕ್ಕೆ ‘ಒಟ್ಟುಗೂಡಿಸು’ ಎಂಬ ಅರ್ಥದ ಗ್ರೀಕ್ ಧಾತುವಿನ ಸಂಬಂಧ ಕಲ್ಪಿಸಿದರು. ಇಂಗ್ಲಿಷಿನಲ್ಲಿ ಈ ಪದ 17ನೆಯ ಶತಮಾನದಿಂದ ಬಳಕೆಯಲ್ಲಿದೆ. ಸುರುಳಿಯನ್ನು ಬಿಚ್ಚದೆಯೇ ಒಳಗೇನಿದೆ ಎಂದು ತಿಳಿಸುವ ಚೀಟಿ ಎಂಬ ಮೂಲಾರ್ಥ ಇಂದಿನ ಬಳಕೆಗೂ ಹೊಂದುತ್ತದೆ ಎಂಬುದು ಆಕಸ್ಮಿಕವಾದರೂ ಸ್ವಾರಸ್ಯಕರ.

ಕನ್ನಡದಲ್ಲಿ ಪಠ್ಯಕ್ರಮ, ಪಠ್ಯವಸ್ತು, ಪಠ್ಯವಿಷಯ ಎಂಬ ಪದಗಳು ಬಳಕೆಯಲ್ಲಿವೆ. ಶಿಕ್ಷಣಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಒಂದು ಶಿಕ್ಷಣ ವ್ಯವಸ್ಥೆಯ ಒಟ್ಟು ಕಲಿಕೆಯ ಯೋಜನೆಯನ್ನು ಪಠ್ಯಕ್ರಮವೆಂದೂ, ಅದರೊಳಗಿನ ಒಂದೊಂದು ವಿಷಯದ ವಿವರವನ್ನು ಪಠ್ಯವಸ್ತುವೆಂದೂ ಕರೆಯುತ್ತವೆ. ಪತ್ರಿಕೆಗಳಲ್ಲಿ ಮತ್ತು ಆಡುಮಾತಿನಲ್ಲಿ ಈ ಭೇದ ಉಳಿದಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ‘ಪೋರ್ಷನ್’ ಎಂಬ ಇನ್ನೊಂದು ಪದವೂ ರೂಢಿಯಲ್ಲಿದೆ. ಸಿಲಬಸ್‌ನಲ್ಲಿ ಪಾಠವಾಗಿ ಮುಗಿದಿರುವ ಅಥವಾ ಒಂದು ಪರೀಕ್ಷೆಗೆ ನಿಗದಿಯಾಗಿರುವ ಭಾಗವನ್ನು ಅದು ಸೂಚಿಸುತ್ತದೆ. ‘ಪೋರ್ಷನ್ ಮುಗಿಸುವುದು’ ಎಂಬ ಮಾತಿನಲ್ಲಿ ಸಿಲಬಸ್ ಕುರಿತ ಒಂದು ಪ್ರಚಲಿತ ತಿಳಿವಳಿಕೆಯೇ ಅಡಗಿದೆ. ಅದರ ಪ್ರಕಾರ ಸಿಲಬಸ್ ಎಂದರೆ ಅಧ್ಯಾಪಕರು ದಾಟಬೇಕಾದ ದೂರ. ವಿದ್ಯಾರ್ಥಿ ಎಲ್ಲಿಗೆ ತಲುಪಿದನು ಎಂಬುದು ಆ ಮಾತಿನಲ್ಲಿಲ್ಲ.

ಹಿನ್ನೆಲೆ

ಕಲಿಕೆಯ ಆರಂಭದಲ್ಲಿಯೇ ಅದರ ವ್ಯಾಪ್ತಿಯನ್ನೂ ಪ್ರಯೋಜನವನ್ನೂ ಹೇಳಬೇಕೆಂಬ ಆಲೋಚನೆ ಭಾರತದ ಶಾಸ್ತ್ರ ಪರಂಪರೆಗೆ ಹೊಸದಲ್ಲ. ಸಂಸ್ಕೃತ ಶಾಸ್ತ್ರಗ್ರಂಥಗಳ ಆರಂಭದಲ್ಲಿ ‘ಅನುಬಂಧ ಚತುಷ್ಟಯ’ವನ್ನು ನಿರೂಪಿಸುವ ಪದ್ಧತಿಯಿತ್ತು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬುವು ಅದರ ನಾಲ್ಕು ಅಂಗಗಳು. ಈ ಗ್ರಂಥವನ್ನು ಓದಲು ಯಾರು ಅರ್ಹರು, ಇದು ಏನನ್ನು ಕುರಿತದ್ದು, ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟೇನು, ಓದಿದರೆ ದೊರೆಯುವುದೇನು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುತ್ತದೆ. ಸದಾನಂದನ ‘ವೇದಾಂತಸಾರ’ ಇದಕ್ಕೆ ಪ್ರಸಿದ್ಧ ನಿದರ್ಶನ. ಇವು ಗ್ರಂಥಕ್ಕೆ ಸಂಬಂಧಿಸಿದವೇ ಹೊರತು ಕಾಲಬದ್ಧವಾದ ಕೋರ್ಸಿಗೆ ಸಂಬಂಧಿಸಿದವಲ್ಲ. ಆದರೂ ಇಂದಿನ ಸಿಲಬಸ್‌ಗಳಲ್ಲಿ ಕಾಣುವ ‘ಪೂರ್ವಾಪೇಕ್ಷೆ’ ಮತ್ತು ‘ಕಲಿಕಾ ಫಲ’ ಎಂಬ ಶೀರ್ಷಿಕೆಗಳು ಅಧಿಕಾರಿ, ಪ್ರಯೋಜನಗಳಿಗೆ ಸಮೀಪದವು.

ಆಧುನಿಕ ಅರ್ಥದ ಸಿಲಬಸ್ ಭಾರತಕ್ಕೆ ಬಂದದ್ದು ಪರೀಕ್ಷೆಯ ಜೊತೆಯಲ್ಲಿ. 1857ರಲ್ಲಿ ಸ್ಥಾಪನೆಯಾದ ಕಲ್ಕತ್ತಾ, ಬೊಂಬಾಯಿ ಮತ್ತು ಮದ್ರಾಸು ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ, ಸ್ವತಃ ಪಾಠ ಹೇಳದೆ ಸಂಯೋಜಿತ ಕಾಲೇಜುಗಳ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಗಳಾಗಿ ಆರಂಭವಾದವು. ದೂರದೂರದ ಕಾಲೇಜುಗಳಲ್ಲಿ ಓದಿದವರೆಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕಾದರೆ ಎಲ್ಲರೂ ಓದಬೇಕಾದದ್ದು ಇಷ್ಟು ಎಂಬ ಗಡಿ ಬೇಕಾಗುತ್ತದೆ. ಹೀಗಾಗಿ ಸಿಲಬಸ್ ಇಲ್ಲಿ ಮೊದಲಿಗೆ ಪರೀಕ್ಷೆಯ ಗಡಿರೇಖೆಯಾಗಿಯೇ ಬೆಳೆಯಿತು. ಕಲಿಕೆಯ ಮಾರ್ಗದರ್ಶಿ ಎಂಬ ಅರ್ಥ ಅದಕ್ಕೆ ಬಹಳ ತಡವಾಗಿ ಸೇರಿತು. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948–49) ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಿರುತ್ತದೆ ಎಂಬ ಅಭಿಪ್ರಾಯಕ್ಕೆ ಬಂದದ್ದು ಈ ಹಿನ್ನೆಲೆಯಲ್ಲಿ.

ಕೋರ್ಸನ್ನು ವಿಷಯದಿಂದಲ್ಲದೆ ಗುರಿಯಿಂದ ಆರಂಭಿಸಿ ರೂಪಿಸಬೇಕೆಂಬ ವಾದವನ್ನು ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಪ್ರಕಟವಾದ ತನ್ನ ಚಿಕ್ಕ ಪುಸ್ತಕದಲ್ಲಿ ಮಂಡಿಸಿದನು. ಯಾವ ಗುರಿಗಳನ್ನು ಸಾಧಿಸಬೇಕು, ಅದಕ್ಕೆ ಯಾವ ಕಲಿಕೆಯ ಅನುಭವಗಳು ಬೇಕು, ಅವುಗಳನ್ನು ಹೇಗೆ ಜೋಡಿಸಬೇಕು, ಗುರಿ ಮುಟ್ಟಿತೇ ಎಂದು ಹೇಗೆ ತಿಳಿಯಬೇಕು ಎಂಬ ಅವನ ನಾಲ್ಕು ಪ್ರಶ್ನೆಗಳು ಇಂದಿಗೂ ಸಿಲಬಸ್ ರಚನೆಯ ಆಧಾರವಾಗಿವೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಕಲಿಕೆಯ ಉದ್ದೇಶಗಳ ವರ್ಗೀಕರಣ, 1996ರಲ್ಲಿ ಜಾನ್ ಬಿಗ್ಸ್ ವಿವರಿಸಿದ ‘ರಚನಾತ್ಮಕ ಹೊಂದಾಣಿಕೆ’ ಎಂಬ ತತ್ತ್ವ ಇದನ್ನು ಮುಂದುವರಿಸಿದವು. ಬಿಗ್ಸ್‌ನ ವಾದದ ಸಾರ ಸರಳವಾದುದು: ಗುರಿ, ಬೋಧನೆ, ಪರೀಕ್ಷೆ ಈ ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ವಿಮರ್ಶಾತ್ಮಕ ಓದನ್ನು ಗುರಿಯೆಂದು ಬರೆದು, ಟಿಪ್ಪಣಿ ಬರೆಸಿ, ಕವಿಯ ಕಾಲವನ್ನು ಕೇಳುವ ಪ್ರಶ್ನೆಪತ್ರಿಕೆ ಕೊಟ್ಟರೆ ವಿದ್ಯಾರ್ಥಿ ಪ್ರಶ್ನೆಪತ್ರಿಕೆಯನ್ನೇ ನಂಬುತ್ತಾನೆ.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ಅದು ಸಿದ್ಧಪಡಿಸಿದ ಸಿಲಬಸ್ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಪಡೆದು ಜಾರಿಗೆ ಬರುತ್ತದೆ. ಸ್ವಾಯತ್ತ ಕಾಲೇಜುಗಳು ತಮ್ಮದೇ ಅಧ್ಯಯನ ಮಂಡಳಿಗಳನ್ನು ಹೊಂದಿರುತ್ತವೆ. ಉಳಿದ ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗೆ ಸಿಲಬಸ್ ಸಿದ್ಧವಸ್ತುವಾಗಿ ಕೈಸೇರುತ್ತದೆ.

ಈ ವ್ಯವಸ್ಥೆಯ ಒಂದು ಲಕ್ಷಣವು ಸಿಲಬಸ್‌ಗೆ ಬೇರೆಲ್ಲಿಯೂ ಇಲ್ಲದ ಭಾರವನ್ನು ಹೊರಿಸಿದೆ. ಅಂತಿಮ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಾಠ ಹೇಳಿದವರು ಒಬ್ಬರು, ಪ್ರಶ್ನೆಪತ್ರಿಕೆ ತಯಾರಿಸಿದವರು ಇನ್ನೊಬ್ಬರು, ಉತ್ತರಪತ್ರಿಕೆಯ ಮೌಲ್ಯಮಾಪನ ಮಾಡುವವರು ಮತ್ತೊಬ್ಬರು. ಈ ಮೂವರು ಪರಸ್ಪರ ಭೇಟಿಯಾಗುವುದಿಲ್ಲ. ಗೋಪ್ಯತೆಯ ದೃಷ್ಟಿಯಿಂದ ಭೇಟಿಯಾಗಲೂ ಬಾರದು. ಅವರ ನಡುವೆ ಇರುವ ಸಾಮಾನ್ಯ ದಾಖಲೆ ಸಿಲಬಸ್ ಒಂದೇ. ಅದರಲ್ಲಿ ‘ಕನ್ನಡ ನಾಟಕ: ಉಗಮ ಮತ್ತು ವಿಕಾಸ’ ಎಂಬ ಒಂದೇ ಸಾಲು ಇದ್ದರೆ, ಅಧ್ಯಾಪಕರು ಕಂಪನಿ ನಾಟಕಗಳಲ್ಲಿ ಮೂರು ವಾರ ಕಳೆಯಬಹುದು, ಪ್ರಶ್ನೆ ತಯಾರಿಸುವವರು ಗಿರೀಶ ಕಾರ್ನಾಡರ ನಾಟಕಗಳ ಬಗ್ಗೆ ಕೇಳಬಹುದು, ಮೌಲ್ಯಮಾಪಕರು ಯಕ್ಷಗಾನದ ಪ್ರಸ್ತಾಪವನ್ನು ನಿರೀಕ್ಷಿಸಬಹುದು. ಮೂವರಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಅಂಕ ಕಳೆದುಕೊಳ್ಳುವುದು ಮಾತ್ರ ವಿದ್ಯಾರ್ಥಿ. ಇಂತಹ ಅಸ್ಪಷ್ಟತೆಯ ಜಾಗವನ್ನು ಹಳೆಯ ಪ್ರಶ್ನೆಪತ್ರಿಕೆಗಳೂ ಗೈಡುಗಳೂ ತುಂಬುತ್ತವೆ. ಐದು ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟು ಅನೇಕ ವಿದ್ಯಾರ್ಥಿಗಳ ಪಾಲಿಗೆ ನಿಜವಾದ ಸಿಲಬಸ್ ಆಗಿರುವುದು ಈ ಕಾರಣದಿಂದಲೇ.

ಇದನ್ನು ತಡೆಯಲು ಕೆಲವು ವಿಶ್ವವಿದ್ಯಾಲಯಗಳು ಸಿಲಬಸ್ ಜೊತೆಗೇ ಪ್ರಶ್ನೆಪತ್ರಿಕೆಯ ವಿನ್ಯಾಸವನ್ನೂ ಪ್ರಕಟಿಸುತ್ತವೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಸಿಲಬಸ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ವಿಷಯವನ್ನು ಐದು ಮಾಡ್ಯೂಲ್‌ಗಳಾಗಿ ವಿಂಗಡಿಸಲಾಗಿರುತ್ತದೆ. ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆಗಳಿದ್ದು ಒಂದನ್ನು ಉತ್ತರಿಸಬೇಕು. ಆಯ್ಕೆ ಮಾಡ್ಯೂಲಿನ ಒಳಗೇ ಇರುವುದರಿಂದ ಒಂದಿಡೀ ಭಾಗವನ್ನು ‘ಚಾಯ್ಸ್‌ನಲ್ಲಿ ಬಿಡುವ’ ಅಭ್ಯಾಸಕ್ಕೆ ಅಲ್ಲಿ ಅವಕಾಶ ಕಡಿಮೆ. ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತದಲ್ಲಿ ಪ್ರಶ್ನೆಪತ್ರಿಕೆಯ ‘ನೀಲನಕ್ಷೆ’ ಇದೇ ಕೆಲಸ ಮಾಡುತ್ತದೆ.

ವಿದ್ಯಾರ್ಥಿಗಳಿಗೆ

ಸುಸಜ್ಜಿತವಾದ ಸಿಲಬಸ್‌ನ ಮೊದಲ ಉಪಯೋಗ ಸಮಯದ ಯೋಜನೆ. ಸೆಮಿಸ್ಟರಿನ ಮೊದಲ ವಾರದಲ್ಲಿಯೇ ಕಿರುಪರೀಕ್ಷೆ, ನಿಯೋಜಿತ ಬರಹ ಮತ್ತು ಸೆಮಿನಾರ್‌ಗಳ ವಾರಗಳು ತಿಳಿದಿದ್ದರೆ, ಆರೇಳು ವಿಷಯಗಳ ಕೆಲಸ ಒಂದೇ ವಾರಕ್ಕೆ ಬಂದು ಬೀಳುವುದನ್ನು ವಿದ್ಯಾರ್ಥಿಯು ಮುಂಗಾಣಬಲ್ಲನು. ಬೆಳಗ್ಗೆ ಕಾಲೇಜು, ಸಂಜೆ ಅಂಗಡಿ ಅಥವಾ ಹೊಲದ ಕೆಲಸ ಎಂಬ ದಿನಚರಿಯುಳ್ಳವರಿಗೆ ಇದು ಅನುಕೂಲದ ಮಾತಷ್ಟೇ ಅಲ್ಲ. ಕೋರ್ಸನ್ನು ಮುಂದುವರಿಸುವುದೋ ಬಿಡುವುದೋ ಎಂಬ ಪ್ರಶ್ನೆಯೇ ಅದರಲ್ಲಿರುತ್ತದೆ.

ಎರಡನೆಯದು ಮತ್ತು ಹೆಚ್ಚು ಮಹತ್ವದ್ದು ನ್ಯಾಯದ ಪ್ರಶ್ನೆ. ಕಾಲೇಜಿನಲ್ಲಿ ಯಶಸ್ವಿಯಾಗಲು ಬೇಕಾದ ಎಷ್ಟೋ ತಿಳಿವಳಿಕೆಯನ್ನು ಯಾರೂ ಪಾಠ ಮಾಡುವುದಿಲ್ಲ. ನಿಯೋಜಿತ ಬರಹ ಎಷ್ಟು ಪುಟವಿರಬೇಕು, ಪುಸ್ತಕದಿಂದ ನಕಲು ಮಾಡುವುದಕ್ಕೂ ಉಲ್ಲೇಖಿಸುವುದಕ್ಕೂ ಏನು ವ್ಯತ್ಯಾಸ, ಅಧ್ಯಾಪಕರನ್ನು ತರಗತಿಯ ಹೊರಗೆ ಯಾವಾಗ ಕಾಣಬಹುದು, ಹಾಜರಿ ಕಡಿಮೆಯಾದರೆ ಏನು ಮಾಡಬೇಕು ಎಂಬುದು ಓದಿದ ಮನೆತನದ ವಿದ್ಯಾರ್ಥಿಗೆ ಅಣ್ಣ ಅಕ್ಕಂದಿರಿಂದ ಹೇಗೋ ತಿಳಿದಿರುತ್ತದೆ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಅದನ್ನು ಕೇಳಬಹುದು ಎಂಬುದೂ ತಿಳಿದಿರುವುದಿಲ್ಲ. ಶಿಕ್ಷಣಶಾಸ್ತ್ರವು ಇದನ್ನು ‘ಗುಪ್ತ ಪಠ್ಯಕ್ರಮ’ ಎಂದು ಕರೆಯುತ್ತದೆ. ಅಲಿಖಿತ ನಿಯಮಗಳನ್ನು ಬರವಣಿಗೆಗೆ ಇಳಿಸಿದ ಸಿಲಬಸ್ ಈ ಅಂತರವನ್ನು ಪೂರ್ಣವಾಗಿ ಅಳಿಸದಿದ್ದರೂ ಕೇಳಲು ಅಂಜುವವನಿಗೆ ಓದಿ ತಿಳಿಯುವ ದಾರಿಯನ್ನಾದರೂ ಒದಗಿಸುತ್ತದೆ.

ಮಾಧ್ಯಮದ ಪ್ರಶ್ನೆಯೂ ಇದರೊಡನೆ ಬೆಸೆದುಕೊಂಡಿದೆ. ಕನ್ನಡ ಮಾಧ್ಯಮದಲ್ಲಿ ಓದುವವರಿರುವ ಅರ್ಥಶಾಸ್ತ್ರ ಅಥವಾ ರಾಜ್ಯಶಾಸ್ತ್ರದ ಪತ್ರಿಕೆಯ ಸಿಲಬಸ್ ಇಂಗ್ಲಿಷಿನಲ್ಲಿ ಮಾತ್ರ ಇದ್ದು, ಗ್ರಂಥಪಟ್ಟಿಯಲ್ಲಿ ಒಂದೂ ಕನ್ನಡ ಪುಸ್ತಕ ಇಲ್ಲದಿದ್ದರೆ, ಆ ಪಟ್ಟಿ ಅವರ ಪಾಲಿಗೆ ಅಲಂಕಾರ. ಕನ್ನಡದಲ್ಲಿ ದೊರೆಯುವ ಗ್ರಂಥಗಳನ್ನು, ಅವು ಕಾಲೇಜಿನ ಗ್ರಂಥಾಲಯದಲ್ಲಿವೆಯೇ ಎಂಬುದನ್ನು, ಪಾರಿಭಾಷಿಕ ಪದಗಳ ಕನ್ನಡ ರೂಪಗಳನ್ನು ಸೇರಿಸಿದ ಸಿಲಬಸ್ ನಿಜವಾಗಿ ಬಳಕೆಗೆ ಬರುತ್ತದೆ. ಮೂವತ್ತು ಪುಸ್ತಕಗಳ ಹೆಸರಿಗಿಂತ ‘ಈ ಘಟಕಕ್ಕೆ ಈ ಪುಸ್ತಕದ ಈ ಅಧ್ಯಾಯ’ ಎಂಬ ಮೂರು ಸಾಲುಗಳು ಉಪಯುಕ್ತ.

ಕೋರ್ಸ್ ಮುಗಿದ ಮೇಲೂ ಸಿಲಬಸ್‌ನ ಅಗತ್ಯ ಮುಗಿಯುವುದಿಲ್ಲ. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗಾವಣೆ, ಸ್ನಾತಕೋತ್ತರ ಪ್ರವೇಶ, ವಿದೇಶದಲ್ಲಿ ಉನ್ನತ ವ್ಯಾಸಂಗ ಮುಂತಾದ ಸಂದರ್ಭಗಳಲ್ಲಿ ತತ್ಸಮಾನತೆಯನ್ನು ನಿರ್ಧರಿಸಲು ಅಂಕಪಟ್ಟಿಯ ಜೊತೆಗೆ ಸಿಲಬಸ್ ಪ್ರತಿಯನ್ನೂ ಕೇಳುವುದುಂಟು. ಅಂಕಪಟ್ಟಿಯಲ್ಲಿ ಇರುವುದು ಪತ್ರಿಕೆಯ ಹೆಸರು ಮಾತ್ರ. ಆ ಹೆಸರಿನಡಿ ಏನನ್ನು ಕಲಿಯಲಾಯಿತು ಎಂಬುದಕ್ಕೆ ಸಿಲಬಸ್‌ನ ಹೊರತು ಬೇರೆ ಸಾಕ್ಷಿಯಿಲ್ಲ.

ಅಧ್ಯಾಪಕರಿಗೆ

ವಿಶ್ವವಿದ್ಯಾಲಯ ಅನುದಾನ ಆಯೋಗದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಪ್ರಕಾರ ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಎರಡು ಗಂಟೆಗಳ ಪ್ರಾಯೋಗಿಕ ತರಗತಿ ಒಂದು ಕ್ರೆಡಿಟ್‌ಗೆ ಸಮ. ಒಂದು ಸೆಮಿಸ್ಟರ್ 15ರಿಂದ 18 ವಾರಗಳದ್ದು. ಇದರಂತೆ ನಾಲ್ಕು ಕ್ರೆಡಿಟ್‌ಗಳ ಪತ್ರಿಕೆಗೆ 15 ವಾರಗಳಲ್ಲಿ 60 ಗಂಟೆಗಳು ದೊರೆಯುತ್ತವೆ. ಐದು ಘಟಕಗಳಿದ್ದರೆ ಒಂದೊಂದಕ್ಕೆ 12 ಗಂಟೆ. ಕಾಗದದ ಮೇಲಿನ ಈ ಲೆಕ್ಕ ತರಗತಿಯಲ್ಲಿ ನಿಲ್ಲುವುದಿಲ್ಲ. ವರ್ಷದ ಮೊದಲ ಸೆಮಿಸ್ಟರ್ ಗಣೇಶ ಚತುರ್ಥಿ, ದಸರಾ, ದೀಪಾವಳಿ, ರಾಜ್ಯೋತ್ಸವಗಳನ್ನು ಹಾದುಹೋಗುತ್ತದೆ. ಪ್ರವೇಶಾತಿ ಮುಗಿಯದ ಮೊದಲ ವಾರ, ಎರಡು ಆಂತರಿಕ ಪರೀಕ್ಷೆಗಳು, ಕ್ರೀಡೋತ್ಸವ ಎಂದು ಕಳೆಯುತ್ತ ಹೋದರೆ 12 ಗಂಟೆಗಳು ಸುಲಭವಾಗಿ ಕೈಬಿಡುತ್ತವೆ. ಅಂದರೆ ಒಂದು ಇಡೀ ಘಟಕಕ್ಕೆ ಮೀಸಲಾದ ಸಮಯವೇ ಹೋದಂತಾಯಿತು.

ಯೋಜನೆಯಿಲ್ಲದ ತರಗತಿಯಲ್ಲಿ ಈ ನಷ್ಟವನ್ನು ಯಾವಾಗಲೂ ಕೊನೆಯ ಘಟಕವೇ ಭರಿಸುತ್ತದೆ. ಮೊದಲ ಘಟಕ ನಿಧಾನವಾಗಿ, ವಿಸ್ತಾರವಾಗಿ ನಡೆಯುತ್ತದೆ. ಕೊನೆಯದನ್ನು ಎರಡು ದಿನಗಳಲ್ಲಿ ನೋಟ್ಸ್ ಕೊಟ್ಟು ಮುಗಿಸಲಾಗುತ್ತದೆ. ಚರಿತ್ರೆಯ ಅಥವಾ ಸಾಹಿತ್ಯಚರಿತ್ರೆಯ ಕಾಲಾನುಕ್ರಮದ ಪತ್ರಿಕೆಯಲ್ಲಿ ಕೊನೆಯ ಘಟಕವೆಂದರೆ ವಿದ್ಯಾರ್ಥಿಯ ಕಾಲಕ್ಕೆ ಅತಿ ಸಮೀಪದ್ದು. ಕದಂಬರಿಂದ ಆರಂಭವಾದ ಕರ್ನಾಟಕದ ಚರಿತ್ರೆ ಹಲ್ಮಿಡಿ ಶಾಸನದ ಬಳಿ ದಿನಗಟ್ಟಲೆ ನಿಂತು, 1956ರ ಏಕೀಕರಣವನ್ನು ಓಡುತ್ತ ದಾಟುವುದು ಹೀಗೆ. ವಾರವಾರದ ಹಂಚಿಕೆಯನ್ನು ಮೊದಲೇ ಕ್ಯಾಲೆಂಡರ್ ಎದುರಿಗಿಟ್ಟು ಬರೆದುಕೊಂಡ ಅಧ್ಯಾಪಕರು 48 ಗಂಟೆಗಳಿಗೇ ಪಾಠವನ್ನು ಹೊಂದಿಸುತ್ತಾರೆ. ಏನನ್ನು ತರಗತಿಯಲ್ಲಿ ಹೇಳಬೇಕು, ಏನನ್ನು ವಿದ್ಯಾರ್ಥಿಗಳೇ ಓದಿಕೊಳ್ಳಲು ಬಿಡಬೇಕು ಎಂಬ ನಿರ್ಧಾರ ಅವರದಾಗಿರುತ್ತದೆ. ಉಳಿದವರ ಪಾಲಿಗೆ ಆ ನಿರ್ಧಾರವನ್ನು ರಜೆಗಳು ಮಾಡುತ್ತವೆ.

ಕಾಲೇಜುಗಳಲ್ಲಿ ಕಾರ್ಯದಿನಚರಿ ಮತ್ತು ಲೆಸನ್ ಪ್ಲಾನ್ ಬರೆಯುವ ಕ್ರಮ ಈಗಾಗಲೇ ಇದೆ. ಅವು ಪ್ರಾಂಶುಪಾಲರ ಸಹಿಗಾಗಿ ಇರುವ ದಾಖಲೆಗಳು. ಅದೇ ಮಾಹಿತಿಯನ್ನು ವಿದ್ಯಾರ್ಥಿಯ ಕೈಗೆ ಕೊಟ್ಟಾಗ ಮಾತ್ರ ಅದು ಸಿಲಬಸ್ ಆಗುತ್ತದೆ.

ಅಧ್ಯಾಪಕರು ಬದಲಾಗುವ ತರಗತಿಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ಬಹುಪಾಲು ಅತಿಥಿ ಉಪನ್ಯಾಸಕರನ್ನು ಅವಲಂಬಿಸಿರುವುದುಂಟು. ಸೆಮಿಸ್ಟರ್ ಆರಂಭವಾದ ಬಳಿಕ ಕೆಲಸಕ್ಕೆ ಸೇರುವವರು, ನಡುವೆ ವರ್ಗಾವಣೆಗೊಂಡವರ ಜಾಗಕ್ಕೆ ಬರುವವರು ಮೊದಲ ದಿನ ಕೇಳುವ ಪ್ರಶ್ನೆ ‘ಎಲ್ಲಿಯವರೆಗೆ ಆಗಿದೆ’ ಎಂಬುದು. ಅದಕ್ಕೆ ಉತ್ತರ ಮುಂದಿನ ಬೆಂಚಿನ ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ ಸಿಗುತ್ತದೆ. ಯಾವ ಪಠ್ಯವನ್ನು ಯಾವ ಉದ್ದೇಶದಿಂದ ಆಯ್ದುಕೊಳ್ಳಲಾಗಿತ್ತು, ಆಂತರಿಕ ಅಂಕಗಳಲ್ಲಿ ಎಷ್ಟನ್ನು ಯಾವುದಕ್ಕೆ ಕೊಡಲಾಗಿದೆ ಎಂಬುದು ಅಲ್ಲಿ ಸಿಗುವುದಿಲ್ಲ. ಆಂತರಿಕ ಅಂಕಗಳ ಬಗ್ಗೆ ವಿವಾದ ಎದ್ದಾಗಲೂ ಮೊದಲ ವಾರವೇ ಹಂಚಿದ ಲಿಖಿತ ವಿಭಜನೆಯು ವಿದ್ಯಾರ್ಥಿಗೂ ಅಧ್ಯಾಪಕರಿಗೂ ಸಮಾನ ರಕ್ಷಣೆ ನೀಡುತ್ತದೆ.

ಅಮೆರಿಕದ ಜೇ ಪಾರ್ಕ್ಸ್ ಮತ್ತು ಮೇರಿ ಹ್ಯಾರಿಸ್ 2002ರ ಒಂದು ಲೇಖನದಲ್ಲಿ ಸಿಲಬಸ್‌ಗೆ ಮೂರು ಪಾತ್ರಗಳನ್ನು ಗುರುತಿಸಿದ್ದಾರೆ: ಒಪ್ಪಂದ, ಶಾಶ್ವತ ದಾಖಲೆ ಮತ್ತು ಕಲಿಕೆಯ ಸಾಧನ. ಅಧ್ಯಾಪಕರೇ ತಮ್ಮ ಕೋರ್ಸನ್ನು ರೂಪಿಸಿ ತಾವೇ ಅಂಕ ನೀಡುವ ಅಲ್ಲಿನ ವ್ಯವಸ್ಥೆಯಲ್ಲಿ ‘ಒಪ್ಪಂದ’ದ ಪಾತ್ರಕ್ಕೆ ಹೆಚ್ಚು ಒತ್ತು ಬಿದ್ದಿದೆ. ಭಾರತದ ಸಂಯೋಜಿತ ಕಾಲೇಜುಗಳಲ್ಲಿ ಮೂರನೆಯ ಪಾತ್ರವೇ ಹೆಚ್ಚು ಕಡೆಗಣನೆಗೆ ಒಳಗಾಗಿರುವುದು.

ಒಂದು ಉದಾಹರಣೆ

ಹಳಗನ್ನಡ ಕಾವ್ಯದ ಒಂದು ಪತ್ರಿಕೆಯನ್ನು ಕಲ್ಪಿಸಿಕೊಂಡರೆ ಎರಡು ಬಗೆಯ ದಾಖಲೆಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಧಿಕೃತ ಪಟ್ಟಿಯಲ್ಲಿ ‘ಪಂಪ: ವಿಕ್ರಮಾರ್ಜುನ ವಿಜಯ – ಆಯ್ದ ಭಾಗಗಳು’ ಎಂದಿರಬಹುದು. ಆ ಕಾವ್ಯದಲ್ಲಿ 14 ಆಶ್ವಾಸಗಳಿವೆ. ಆಯ್ದ ಭಾಗ ಯಾವುದು, ಅದನ್ನು ಓದಿದವನಿಗೆ ಏನು ಬರಬೇಕು ಎಂಬುದು ಆ ಸಾಲಿನಿಂದ ತಿಳಿಯದು. ‘ಪಂಪನ ಕಾವ್ಯಶಕ್ತಿಯನ್ನು ಅರಿತುಕೊಳ್ಳುವುದು’ ಎಂಬ ಉದ್ದೇಶವನ್ನು ಸೇರಿಸಿದರೂ ಹೆಚ್ಚಿನ ಲಾಭವಿಲ್ಲ; ಅರಿತುಕೊಂಡದ್ದನ್ನು ಗುರುತಿಸುವ ಬಗೆ ಅಲ್ಲಿಲ್ಲ.

ಅಧ್ಯಾಪಕರು ಸಿದ್ಧಪಡಿಸಿದ ವಿವರದಲ್ಲಿ, ಕರ್ಣನ ಕೊನೆಯ ಯುದ್ಧವಿರುವ 12ನೆಯ ಆಶ್ವಾಸದ ಇಂತಿಷ್ಟು ಪದ್ಯಗಳು ಎಂದು ಸಂಖ್ಯೆಸಹಿತ ನಮೂದಾಗಿರುತ್ತದೆ. ಕೋರ್ಸ್ ಮುಗಿಯುವಾಗ ವಿದ್ಯಾರ್ಥಿಯು ಹಿಂದೆ ಓದಿರದ ಒಂದು ಕಂದಪದ್ಯವನ್ನು ಸರಿಯಾಗಿ ಬಿಡಿಸಿ ಓದಬಲ್ಲನು, ಅದಕ್ಕೆ ಪ್ರಸ್ತಾರ ಹಾಕಬಲ್ಲನು, ನಿಘಂಟಿನ ನೆರವಿನಿಂದ ಅನ್ವಯ ಬರೆಯಬಲ್ಲನು, ವ್ಯಾಸಭಾರತದ ಕಥೆಯಿಂದ ಪಂಪ ಎಲ್ಲಿ ಬೇರೆಯಾಗಿದ್ದಾನೆ ಎಂದು ಎರಡು ಸ್ಥಳಗಳನ್ನಾದರೂ ತೋರಿಸಬಲ್ಲನು ಎಂಬ ಗುರಿಗಳಿರುತ್ತವೆ. ಇವು ಸಣ್ಣ ಗುರಿಗಳಂತೆ ತೋರಬಹುದು. ಆದರೆ ಇವುಗಳನ್ನು ಸಾಧಿಸಿದವನು ಮುಂದೆ ರನ್ನನನ್ನೂ ನಾಗಚಂದ್ರನನ್ನೂ ತಾನಾಗಿಯೇ ಓದಬಲ್ಲನು. ಸಾರಾಂಶ ಬಾಯಿಪಾಠ ಮಾಡಿದವನಿಗೆ ಪಂಪನ ಅಷ್ಟೇ ಪದ್ಯಗಳು ಉಳಿಯುತ್ತವೆ, ಅವೂ ಪರೀಕ್ಷೆಯವರೆಗೆ.

ಗುರಿ ಹೀಗೆ ಸ್ಪಷ್ಟವಾದಾಗ ಉಳಿದ ಅಂಗಗಳು ತಾವಾಗಿ ಜೋಡಣೆಗೊಳ್ಳುತ್ತವೆ. ಮೊದಲ ಎರಡು ವಾರಗಳು ಛಂದಸ್ಸಿಗೂ ಹಳಗನ್ನಡದ ವಿಭಕ್ತಿ, ಕ್ರಿಯಾರೂಪಗಳಿಗೂ ಮೀಸಲಾಗುತ್ತವೆ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಬೇಕಾದ ಸೂತ್ರಗಳಷ್ಟೇ ಇಲ್ಲಿ ಬರುತ್ತವೆ. ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅಗತ್ಯ ಪರಾಮರ್ಶನ ಗ್ರಂಥಗಳಾಗುತ್ತವೆ. ಆಂತರಿಕ ಅಂಕಗಳಲ್ಲಿ ಒಂದು ಪಾಲು ಅಪರಿಚಿತ ಪದ್ಯದ ಅನ್ವಯಕ್ಕೆ, ಒಂದು ಪಾಲು ಗಟ್ಟಿಯಾಗಿ ಓದುವುದಕ್ಕೆ ದೊರೆಯುತ್ತದೆ. ಹಳಗನ್ನಡವನ್ನು ಗಟ್ಟಿಯಾಗಿ ಓದಲು ಬಾರದೆಯೇ ಅದರಲ್ಲಿ ಉನ್ನತ ದರ್ಜೆ ಪಡೆಯುವುದು ಸಾಧ್ಯವಾಗಿರುವುದು ಪರೀಕ್ಷೆ ಅದನ್ನು ಎಂದೂ ಕೇಳದಿರುವುದರಿಂದ.

ಸಿಲಬಸ್‌ನ ಹೊರಗಿನ ಪ್ರಶ್ನೆಗಳು

ಪರೀಕ್ಷೆಯಲ್ಲಿ ಸಿಲಬಸ್‌ನಲ್ಲಿಲ್ಲದ ಪ್ರಶ್ನೆ ಬರುವುದನ್ನು ವಿದ್ಯಾರ್ಥಿಗಳು ‘ಔಟ್ ಆಫ್ ಸಿಲಬಸ್’ ಎನ್ನುತ್ತಾರೆ. ಸಿಲಬಸ್‌ನ ಅಧಿಕೃತ ಗಡಿಗೆ ಎಷ್ಟು ಬೆಲೆಯಿದೆ ಎಂಬುದು ಕರ್ನಾಟಕದಲ್ಲಿ 2024ರಲ್ಲಿ ಸಾರ್ವಜನಿಕ ಚರ್ಚೆಗೆ ಬಂದಿತು. ಆ ವರ್ಷದ ಏಪ್ರಿಲ್‌ನಲ್ಲಿ ಎಂಜಿನಿಯರಿಂಗ್ ಮತ್ತಿತರ ವೃತ್ತಿಪರ ಕೋರ್ಸುಗಳ ಪ್ರವೇಶಕ್ಕಾಗಿ ನಡೆದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ, ಪದವಿಪೂರ್ವ ಸಿಲಬಸ್‌ನಿಂದ ಕೈಬಿಟ್ಟಿದ್ದ ಭಾಗಗಳ ಪ್ರಶ್ನೆಗಳೂ ಕಾಣಿಸಿಕೊಂಡವು. ವಿದ್ಯಾರ್ಥಿಗಳ ಮತ್ತು ಪೋಷಕರ ಆಕ್ಷೇಪದ ನಂತರ ತಜ್ಞರ ಪರಿಶೀಲನೆ ನಡೆದು, ಅಂತಹ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಪ್ರಶ್ನೆಗಳನ್ನು ಕೈಬಿಟ್ಟರೂ, ಪರೀಕ್ಷಾ ಕೊಠಡಿಯಲ್ಲಿ ಅವುಗಳೊಡನೆ ಗುದ್ದಾಡಿ ಕಳೆದ ನಿಮಿಷಗಳನ್ನು ಹಿಂದಿರುಗಿಸಲು ಬರುವುದಿಲ್ಲ. ಯಾವ ವರ್ಷಕ್ಕೆ ಯಾವ ಆವೃತ್ತಿಯ ಸಿಲಬಸ್ ಅನ್ವಯಿಸುತ್ತದೆ ಎಂಬುದು ಪಾಠ ಮಾಡುವವರಿಗೂ ಪ್ರಶ್ನೆ ತಯಾರಿಸುವವರಿಗೂ ಏಕರೂಪವಾಗಿ ತಿಳಿದಿರಬೇಕಾದ ಅಗತ್ಯವನ್ನು ಈ ಪ್ರಕರಣ ಎತ್ತಿ ತೋರಿಸಿತು.

ಭಾಷೆ ಮತ್ತು ಧ್ವನಿ

ಸಿಲಬಸ್‌ನ ಧ್ವನಿಯೂ ಅಧ್ಯಯನಕ್ಕೆ ಒಳಗಾಗಿದೆ. ರಿಚರ್ಡ್ ಹಾರ್ನಿಶ್ ಮತ್ತು ರಾಬರ್ಟ್ ಬ್ರಿಜಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ನೇಹಪರ ಧಾಟಿಯಲ್ಲಿ ಬರೆದ ಸಿಲಬಸ್ ಓದಿದ ವಿದ್ಯಾರ್ಥಿಗಳು ಅದರ ಅಧ್ಯಾಪಕರನ್ನು ಹೆಚ್ಚು ಆತ್ಮೀಯರೆಂದೂ ಸುಲಭವಾಗಿ ಸಮೀಪಿಸಬಹುದಾದವರೆಂದೂ ಭಾವಿಸಿದರು. ಕನ್ನಡದ ಸಿಲಬಸ್‌ಗಳು ಬಹುಮಟ್ಟಿಗೆ ಕಚೇರಿಯ ಸುತ್ತೋಲೆಯ ಭಾಷೆಯಲ್ಲಿರುತ್ತವೆ: ‘ತಪ್ಪಿದಲ್ಲಿ ಪರೀಕ್ಷೆಗೆ ಅವಕಾಶ ನಿರಾಕರಿಸಲಾಗುವುದು’ ಎಂಬ ಬಗೆ. ನಿಯಮವನ್ನು ಬದಲಿಸದೆಯೇ, ಅನಾರೋಗ್ಯದಿಂದ ತರಗತಿ ತಪ್ಪಿದರೆ ಯಾರನ್ನು ಕಾಣಬೇಕು, ಎಷ್ಟು ದಿನಗಳೊಳಗೆ ಕಾಣಬೇಕು ಎಂಬ ಒಂದು ವಾಕ್ಯವನ್ನು ಅದರ ಪಕ್ಕದಲ್ಲಿ ಸೇರಿಸಲು ಅಡ್ಡಿಯಿಲ್ಲ.

ಟೀಕೆಗಳು

ಸಿಲಬಸ್ ಅತಿ ವಿವರವಾದರೆ ಅಧ್ಯಾಪಕರ ಸ್ವಾತಂತ್ರ್ಯಕ್ಕೆ ಧಕ್ಕೆ ಬರುತ್ತದೆ ಎಂಬುದು ಹಳೆಯ ಆಕ್ಷೇಪ. ತರಗತಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಎದ್ದಾಗ ಆ ದಿನದ ಪಾಠವನ್ನು ಬದಿಗಿಟ್ಟು ಅದರ ಹಿಂದೆ ಹೋಗುವ ಅವಕಾಶ ಇರಬೇಕು. ಗಂಟೆಗಂಟೆಗೆ ಲೆಕ್ಕ ಹಾಕಿದ ಯೋಜನೆ ಅದನ್ನು ಕಸಿಯುತ್ತದೆ ಎನ್ನಲಾಗುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ಅನುಭವಿ ಅಧ್ಯಾಪಕರು ಯೋಜನೆಯಲ್ಲಿಯೇ ಒಂದೆರಡು ವಾರಗಳನ್ನು ಖಾಲಿ ಬಿಡುವುದು ಇದಕ್ಕಾಗಿಯೇ.

ಇನ್ನೊಂದು ಟೀಕೆ ಇತ್ತೀಚಿನದು. ತಾಂತ್ರಿಕ ಶಿಕ್ಷಣದ ಕೋರ್ಸುಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಾನ್ಯತಾ ಮಂಡಳಿ ಮತ್ತು 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಸಂಸ್ಥೆಗಳು ಪ್ರತಿ ಕೋರ್ಸಿಗೂ ಕಲಿಕಾ ಫಲಗಳನ್ನು ಬರೆಯಬೇಕೆಂದು ನಿರೀಕ್ಷಿಸುತ್ತವೆ. ಭಾರತವು 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಒತ್ತು ಹೆಚ್ಚಾಯಿತು. ಆಶಯ ಒಳ್ಳೆಯದಾದರೂ ಆಚರಣೆ ಅನೇಕ ಕಡೆ ಕಡತದ ಕೆಲಸವಾಗಿದೆ. ಬ್ಲೂಮ್‌ನ ಪಟ್ಟಿಯಿಂದ ‘ವಿಶ್ಲೇಷಿಸು’, ‘ಅನ್ವಯಿಸು’, ‘ಮೌಲ್ಯಮಾಪನ ಮಾಡು’ ಎಂಬ ಕ್ರಿಯಾಪದಗಳನ್ನು ಎತ್ತಿ ಹಳೆಯ ಘಟಕಗಳ ಮುಂದೆ ಅಂಟಿಸಿ, ಪ್ರಶ್ನೆಪತ್ರಿಕೆಯನ್ನು ಇದ್ದಂತೆಯೇ ಉಳಿಸಿಕೊಂಡರೆ ಬದಲಾಗುವುದು ಮುಖಪುಟ ಮಾತ್ರ. ಪರಿಶೀಲನಾ ತಂಡ ಬರುವ ಮುನ್ನ ತಯಾರಾಗಿ, ಅದು ಹೋದ ಮೇಲೆ ಕಪಾಟು ಸೇರುವ ಸಿಲಬಸ್ ಕಡತಗಳನ್ನು ವಿದ್ಯಾರ್ಥಿಗಳು ನೋಡಿಯೇ ಇರುವುದಿಲ್ಲ.

ವಿದ್ಯಾರ್ಥಿಗಳು ಸಿಲಬಸ್ ಓದುವುದಿಲ್ಲ ಎಂಬ ದೂರು ಎಲ್ಲ ದೇಶಗಳ ಅಧ್ಯಾಪಕರದ್ದೂ ಹೌದು. ಹಲವರು ಎರಡನೆಯ ವಾರದಲ್ಲಿ ಸಿಲಬಸ್ ಕುರಿತೇ ಹತ್ತು ಅಂಕಗಳ ಕಿರುಪರೀಕ್ಷೆ ನೀಡುವ ಉಪಾಯವನ್ನು ಅನುಸರಿಸುತ್ತಾರೆ.

ಮುಕ್ತ ಲಭ್ಯತೆ

ಸಿಲಬಸ್‌ಗಳನ್ನು ಸಾರ್ವಜನಿಕವಾಗಿ ತೆರೆದಿಡುವ ಪ್ರವೃತ್ತಿ ಈ ಶತಮಾನದ ಆರಂಭದಿಂದ ಬೆಳೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯು ತನ್ನ ಕೋರ್ಸುಗಳ ಸಾಮಗ್ರಿಯನ್ನು ಉಚಿತವಾಗಿ ಪ್ರಕಟಿಸುವ ಯೋಜನೆಯನ್ನು 2001ರಲ್ಲಿ ಘೋಷಿಸಿತು. ಟೆಕ್ಸಸ್ ರಾಜ್ಯದಲ್ಲಿ 2009ರ ಒಂದು ಕಾನೂನು ಸಾರ್ವಜನಿಕ ಉನ್ನತ ಶಿಕ್ಷಣ ಸಂಸ್ಥೆಗಳು ತಮ್ಮ ಪದವಿ ಕೋರ್ಸುಗಳ ಸಿಲಬಸ್‌ಗಳನ್ನು ಅಂತರಜಾಲದಲ್ಲಿ ಪ್ರಕಟಿಸುವುದನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳ ಪುಟಗಳಲ್ಲಿ 4, 8 ಅಥವಾ 12 ವಾರಗಳ ಪಾಠಹಂಚಿಕೆ, ಪೂರ್ವಾಪೇಕ್ಷೆ, ಗ್ರಂಥಗಳು ಮತ್ತು ಅಂಕಗಳ ನಿಯಮ ನೋಂದಣಿಗೆ ಮೊದಲೇ ಕಾಣಸಿಗುತ್ತವೆ. ಅಂತಹ ಒಂದು ಕೋರ್ಸಿಗೆ ಸೇರಿದ ಕಾಲೇಜು ವಿದ್ಯಾರ್ಥಿ ತನ್ನ ಸ್ವಂತ ತರಗತಿಯಲ್ಲಿಯೂ ಅದನ್ನು ನಿರೀಕ್ಷಿಸತೊಡಗುವುದು ಸಹಜ.

ಪರಿಷ್ಕರಣೆ

ವಿಶ್ವವಿದ್ಯಾಲಯಗಳ ಸಿಲಬಸ್‌ಗಳು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಣೆಗೊಳ್ಳುತ್ತವೆ. ಪದ್ಧತಿಯೇ ಬದಲಾದಾಗ ಈ ಅಂತರ ಇನ್ನೂ ಕಿರಿದಾಗುತ್ತದೆ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020ಕ್ಕೆ ಅನುಗುಣವಾದ ಪದವಿ ಸಿಲಬಸ್‌ಗಳು 2021–22ನೆಯ ಸಾಲಿನಿಂದ ಜಾರಿಗೆ ಬಂದವು. 2024–25ನೆಯ ಸಾಲಿನಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿ ಪದ್ಧತಿಗೆ ಮರಳಿದ್ದರಿಂದ ಹೊಸ ಸಿಲಬಸ್‌ಗಳು ಬೇಕಾದವು. ಇದರ ಫಲವಾಗಿ ಒಂದೇ ಕಾಲೇಜಿನಲ್ಲಿ ಒಂದೇ ವರ್ಷ, ಕಿರಿಯ ಮತ್ತು ಹಿರಿಯ ತರಗತಿಗಳು ಬೇರೆ ಬೇರೆ ಪದ್ಧತಿಗಳಡಿ ನಡೆದವು.

ಪರಿಷ್ಕರಣೆಯ ಸಂದರ್ಭದಲ್ಲಿ ಹೆಚ್ಚು ತೊಂದರೆಗೆ ಒಳಗಾಗುವವರು ಹಿಂದಿನ ಸಿಲಬಸ್‌ನ ಪತ್ರಿಕೆಗಳನ್ನು ಬಾಕಿ ಉಳಿಸಿಕೊಂಡ ಪುನರಾವರ್ತಿತ ವಿದ್ಯಾರ್ಥಿಗಳು. ಅವರ ಪತ್ರಿಕೆಯನ್ನು ತರಗತಿಯಲ್ಲಿ ಯಾರೂ ಈಗ ಪಾಠ ಮಾಡುತ್ತಿರುವುದಿಲ್ಲ. ಪಠ್ಯಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಪುಟವನ್ನು ಅಳಿಸಿ ಅದೇ ಜಾಗದಲ್ಲಿ ಹೊಸ ಸಿಲಬಸ್ ಪ್ರಕಟಿಸುವ ಬದಲು, ಜಾರಿಯ ವರ್ಷವನ್ನು ನಮೂದಿಸಿ ಎಲ್ಲ ಆವೃತ್ತಿಗಳನ್ನೂ ಉಳಿಸಿಕೊಳ್ಳುವ ವಿಶ್ವವಿದ್ಯಾಲಯಗಳಲ್ಲಿ, ಹತ್ತು ವರ್ಷಗಳ ಹಿಂದೆ ಪದವಿ ಪಡೆದವರು ಸಹ ತಾವು ಪ್ರವೇಶ ಪಡೆದ ಸಾಲಿನ ಪ್ರತಿಯನ್ನು ಪಡೆದು ದೃಢೀಕರಿಸಿಕೊಳ್ಳಬಹುದು.